ಮುಂದಿನ ಬಸ್ಸಿನ ಬರ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಬಸ್ಸಿಗೆ ಬರವಿಲ್ಲ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ಎಂದು ಒಂದೇ ಉಸಿರಿಗೆ ಕೂಗಿ ಹತ್ತಿಸಿಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಆ ಬಸ್ಸಿಂದ ಇಳಿದ ಮೇಲೆ. ಒಂದೇ ಬಸ್ಸಿನಲ್ಲಿ ಮುಗಿಯುವ ಪ್ರಯಾಣ ಇಲ್ಲಿ ಸುಖವಾಗಿಯೇ ಇದೆ. ಎರಡನೆಯ ಬಸ್ಸು ಬೇಕಾದವರ ಪಾಡನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲು ಖಾಸಗಿ ಬಸ್ಸಿನ ಗುಣ ಹೇಳಬೇಕು. ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತದೆ, ತೋಟದ ದಣಪೆ ಎದುರಿಗೇ ಇಳಿಸುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ಪೊಟ್ಟಣ, ರಿಪೇರಿಯಾಗಿ ಬಂದ ಪಂಪ್‌ಸೆಟ್ಟಿನ ಮೋಟಾರು, ಶುಂಠಿ ಬೀಜದ ಚೀಲ, ಎಲ್ಲವೂ ಡ್ರೈವರ್ ಪಕ್ಕದಲ್ಲಿ ಜಾಗ ಪಡೆದು ಸರಿಯಾದ ಮನೆಗೆ ತಲುಪುತ್ತವೆ. ಯಾವ ತಿರುವಿನಲ್ಲಿ ಯಾರ ಮನೆ ಎಂಬುದು ಕಂಡಕ್ಟರನಿಗೆ ಗೊತ್ತು. ಮಲೆನಾಡು ಮತ್ತು ಅರೆಮಲೆನಾಡಿನ ಹಳ್ಳಿಗಳು ಇಷ್ಟು ವರ್ಷ ಪೇಟೆಯ ಜೊತೆ ನಂಟು ಉಳಿಸಿಕೊಂಡದ್ದು ಈ ಬಸ್ಸುಗಳಿಂದ. ಸರ್ಕಾರಿ ಸಾರಿಗೆ ಸಂಸ್ಥೆ ಈ ಗುಣವನ್ನು ಇನ್ನೂ ಕಲಿತಿಲ್ಲ.

ಆದರೆ ಶಿರಾಳಕೊಪ್ಪದ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೊರಡುವ ಬಸ್ಸಿನ ಬಾಗಿಲಲ್ಲಿ ಏಜೆಂಟ್ ಗಡಿಯಾರ ನೋಡುತ್ತಿರುತ್ತಾನೆ. ಹಿಂದೆ ನಿಂತ ಬಸ್ಸಿನವನು ‘ನಿನ್ ಟೈಮ್ ಆತು, ತೆಗಿ ಗಾಡಿ’ ಎಂದು ಹಾರ್ನ್ ಒತ್ತುತ್ತಾನೆ. ಎರಡು ನಿಮಿಷಕ್ಕೆ ಜಗಳ. ಅಷ್ಟರಲ್ಲಿ ಇನ್ನೊಂದು ಬಸ್ಸಿಂದ ಇಳಿದ ಅಜ್ಜಿ ಕೈಚೀಲ ಹಿಡಿದು ಬೇಗ ಬೇಗ ಬಂದು ‘ಆನವಟ್ಟಿ ಬಸ್ ಹೋತೇನಪ್ಪಾ?’ ಎನ್ನುತ್ತಾಳೆ. ‘ಈಗಿನ್ನೂ ಹೋತಲ್ಲ ಅಜ್ಜಿ.’ ಮುಂದಿನದು ಎಷ್ಟಕ್ಕೆ ಎಂದು ಓದಿಕೊಳ್ಳಲು ಗೋಡೆಯ ಮೇಲೆ ಏನೂ ಇಲ್ಲ. ಯಾರನ್ನಾದರೂ ಕೇಳಬೇಕು, ಅವರು ಹೇಳಿದ್ದನ್ನು ನಂಬಬೇಕು.

ಈ ಎರಡು ನಿಮಿಷದ ಜಗಳಕ್ಕೆ ಕಾನೂನಿನ ಬೇರಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಪರ್ಮಿಟ್ಟಿನ ಜೊತೆ ಟೈಮಿಂಗೂ ನಿಗದಿಯಾಗುತ್ತದೆ. ಪ್ರಾಧಿಕಾರದ ಸಭೆಯಲ್ಲಿ ಹಾಜರಿರುವವರು ಮಾಲೀಕರು ಮತ್ತು ಅವರ ವಕೀಲರು. ನನ್ನ ಬಸ್ಸಿಗೂ ನಿನ್ನ ಬಸ್ಸಿಗೂ ನಡುವೆ ಎಷ್ಟು ನಿಮಿಷ ಅಂತರ ಎಂಬುದೇ ಅಲ್ಲಿಯ ವಾದ. ಇಳಿದವನಿಗೆ ಮುಂದಿನ ಬಸ್ಸು ಸಿಗುತ್ತದೆಯೇ ಎಂದು ಕೇಳುವವರಿಲ್ಲ. ಸಮಯ ನಿಗದಿ ಮಾಡುವ ಅಧಿಕಾರ ಇದ್ದೂ ಪ್ರಯಾಣಿಕನ ಸಮಯ ಅದರೊಳಗೆ ಬಂದಿಲ್ಲ. ಇಡೀ ಏರ್ಪಾಡಿನ ದೊಡ್ಡ ಕೊರತೆ ಎಂದು ನಾನು ತಿಳಿದಿರುವುದು ಇದನ್ನೇ.

ಇಳಿದವನಿಗೆ ಮುಂದಿನ ಬಸ್ಸು ಸಿಗುವಂತೆ ವೇಳೆ ಹೊಂದಿಸುವುದು ಆಗದ ಮಾತೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಕಣಿವೆಗಳಲ್ಲಿ ಇರುವುದೂ ಹೆಚ್ಚಾಗಿ ಒಂದೇ ರಸ್ತೆ, ಅದರ ಅಕ್ಕಪಕ್ಕ ಚದುರಿದ ಊರುಗಳು, ಚಳಿಗಾಲದಲ್ಲಿ ಹಿಮ. ಅಂಚೆ ಇಲಾಖೆ 1906ರಲ್ಲಿ ಶುರುಮಾಡಿದ ಬಸ್ಸುಗಳು ಇವತ್ತಿಗೂ ಆ ಊರುಗಳಿಗೆ ಓಡುತ್ತವೆ. 1982ರಲ್ಲಿ ಆ ದೇಶ ರೈಲುಗಳನ್ನು ಗಂಟೆಗೊಂದರಂತೆ ಒಂದೇ ನಿಮಿಷಕ್ಕೆ ಬರುವಂತೆ ಹೊಂದಿಸಿತು. ರೈಲಿಳಿದು ಬರುವ ಹೊತ್ತಿಗೆ ನಿಲ್ದಾಣದ ಹೊರಗೆ ಬಸ್ಸು ನಿಂತಿರುತ್ತದೆ. ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ಎರಡು ಬಸ್ಸುಗಳ ವೇಳೆ ಕೂಡಿಸಲು ಬೇಕಾದ್ದು ಒಂದು ಹಾಳೆ, ಒಂದು ಸಭೆ.

ಮುಂದಿನ ಬಸ್ಸು ಸಿಕ್ಕರೆ ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಹೋಗಿ ನೋಡುವಂಥದ್ದಕ್ಕೇನು ಕಡಿಮೆ? ಕದಂಬರ ಕಥೆ ಹೇಳುವ ಸ್ತಂಭಶಾಸನದ ತಾಳಗುಂದ, ಕೇದಾರೇಶ್ವರ ದೇಗುಲದ, ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎಲ್ಲವೂ ಶಿರಾಳಕೊಪ್ಪದ ಸುತ್ತಲೇ ಇವೆ. ಆನವಟ್ಟಿಯ ಹತ್ತಿರ ಕುಬಟೂರಿನ ಕೈಟಭೇಶ್ವರ. ಬಂದಳಿಕೆಯ ಶಾಂತಿನಾಥ ಬಸದಿ ಮಾತ್ರ ದೂರ. ಸ್ವಂತ ವಾಹನ ಇಲ್ಲದವರು ಅಲ್ಲಿಗೆ ಹೋಗುವ ಯೋಚನೆಯನ್ನೇ ಬಿಡುತ್ತಾರೆ. ಗುಡವಿಯ ಕೆರೆಗೆ ಹಕ್ಕಿಗಳು ಬಂದು ಗೂಡು ಕಟ್ಟುವುದು ಮಳೆಗಾಲದಲ್ಲಿ, ಒಳದಾರಿಗಳು ಕೆಟ್ಟು ಕೂರುವುದೂ ಆಗಲೇ. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ವಿಶೇಷ ಬಸ್ಸು ಹಾಕುತ್ತಾರೆ. ಮನಸ್ಸು ಮಾಡಿದರೆ ಬಸ್ಸು ಹೊಂದಿಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಹೆದ್ದಾರಿ ಪಕ್ಕದ ಊರಿನವಳಿಗೆ ಪ್ರಯಾಣ ಉಚಿತ, ಒಳಗಿನ ಹಳ್ಳಿಯವಳ ಕೂಲಿಯಲ್ಲೊಂದು ಪಾಲು ಬಸ್ಸಿಗೇ ಹೋಗುತ್ತದೆ. ಇದಕ್ಕೆ ಗಡಿಯ ತೊಡಕೂ ಸೇರಿದೆ. ಹಿರೇಕೆರೂರು, ಹಾನಗಲ್ಲು, ಶಿರಸಿ, ಬನವಾಸಿ ಇರುವುದು ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಯ ಕೈಯಲ್ಲಿ, ಈ ಎರಡು ತಾಲ್ಲೂಕುಗಳು ಬೆಂಗಳೂರಿನ ಸಂಸ್ಥೆಯ ಕೈಯಲ್ಲಿ. ಸೊರಬದವರಿಗೆ ಬನವಾಸಿ ನೆರೆಯೂರು, ಸಂಸ್ಥೆಗಳಿಗೆ ಅದು ಗಡಿಯಾಚೆ.

ರೈಲಿನ ಮಾತೂ ಇದೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿ 27ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಆದರೆ ಸೊರಬಕ್ಕೆ ಅದು ಬರುವುದಿಲ್ಲ. ಅಲ್ಲಿಯವರಿಗೆ ರೈಲೆಂದರೆ ಈಗಲೂ ಸಾಗರ. ಸಾಗರದಲ್ಲಿ ಇಳಿದವರನ್ನು ಸೊರಬಕ್ಕೆ ಕರೆದೊಯ್ಯಲು ರೈಲಿನ ವೇಳೆಗೇ ಒಂದು ಬಸ್ಸು ಕಾಯುವಂತೆ ಮಾಡುವುದಕ್ಕೆ ಹೊಸ ಹಳಿ ಬೇಕಾಗಿಲ್ಲ.

ಸಾರಿಗೆ ಪ್ರಾಧಿಕಾರ ಸಂಜೆಯ ಬಸ್ಸಿನಿಂದಲೇ ಶುರುಮಾಡಲಿ. ಶಿಕಾರಿಪುರದ ಕಾಲೇಜು ಮುಗಿಸಿ ಬರುವ ಹುಡುಗಿಯರು ಶಿರಾಳಕೊಪ್ಪದಲ್ಲಿ ಇಳಿಯುವವರೆಗೆ ಅಲ್ಲಿಂದ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೊರಡಬಾರದು ಎಂದು ಪರ್ಮಿಟ್ಟಿನ ಷರತ್ತಿನಲ್ಲೇ ಬರೆಯಲಿ. ಆ ವೇಳೆಯನ್ನು ನಿಲ್ದಾಣದ ಗೋಡೆಗೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಲಿ. ಹತ್ತು ನಿಮಿಷ ಕಾದದ್ದರಿಂದ ಮಾಲೀಕನ ಕಲೆಕ್ಷನ್ ಕಡಿಮೆಯಾದರೆ ಅದನ್ನು ತುಂಬಿಕೊಡುವ ಬಗೆಯನ್ನೂ ಅದೇ ಸಭೆಯಲ್ಲಿ ಮಾತಾಡಲಿ.