ಅನುಮಾನಕ್ಕೆ ಜಾಗವಿಲ್ಲದ ಸೇಡು

ನಿಥಿಲನ್ ಸಾಮಿನಾಥನ್ ನಿರ್ದೇಶನದ ತಮಿಳು ಚಿತ್ರ ‘ಮಹಾರಾಜ’ದಲ್ಲಿ (2024) ಒಬ್ಬ ಕ್ಷೌರಿಕ ದೂರು ಕೊಡಲು ಪೊಲೀಸ್ ಠಾಣೆಗೆ ಬರುತ್ತಾನೆ. ಮನೆಯಲ್ಲಿದ್ದ ಕಸದ ಡಬ್ಬಿ ಕಳುವಾಗಿದೆ, ಅದರ ಹೆಸರು ಲಕ್ಷ್ಮಿ, ಹುಡುಕಿಕೊಡಿ ಎನ್ನುತ್ತಾನೆ. ಪೊಲೀಸರು ನಗುತ್ತಾರೆ, ಗದರುತ್ತಾರೆ, ಹೊಡೆದು ಆಚೆ ದಬ್ಬಲು ನೋಡುತ್ತಾರೆ. ಅವನು ಅಲ್ಲಾಡುವುದಿಲ್ಲ. ಹುಡುಕಿಕೊಟ್ಟರೆ ಲಕ್ಷಗಟ್ಟಲೆ ಹಣ ಕೊಡುತ್ತೇನೆ ಎಂದಾಗ ಮಾತ್ರ ಠಾಣೆಯಲ್ಲಿ ಚಲನೆ ಶುರುವಾಗುತ್ತದೆ. ವಿಜಯ್ ಸೇತುಪತಿ ತಮ್ಮ 50ನೇ ಚಿತ್ರದ ಈ ದೃಶ್ಯಗಳಲ್ಲಿ ಭುಜ ಇಳಿಬಿಟ್ಟು, ದನಿ ಏರಿಸದೆ, ಹೇಳಿದ್ದನ್ನೇ ಹೇಳುತ್ತಾ ನಿಲ್ಲುತ್ತಾರೆ. ನೋಡುವವರೂ ಪೊಲೀಸರ ಜೊತೆ ಸೇರಿ ನಗುತ್ತಾರೆ. ಆ ದೂರಿನ ಹಿಂದೆ ಮಗಳ ಮೇಲೆ ನಡೆದ ಅತ್ಯಾಚಾರ ಇದೆ ಎಂದು ತಿಳಿಯುವಷ್ಟರಲ್ಲಿ ನಕ್ಕವರಿಗೆಲ್ಲ ತಮ್ಮ ನಗುವೇ ಭಾರವಾಗಿರುತ್ತದೆ.

ಕಾನೂನನ್ನು ಕೈಗೆತ್ತಿಕೊಂಡು ಸೇಡು ತೀರಿಸಿಕೊಳ್ಳುವವರ ಕಥೆಗಳಿಗೆ ದಕ್ಷಿಣ ಭಾರತದ ಸಿನಿಮಾದಲ್ಲಿ ದೊಡ್ಡ ಪರಂಪರೆಯೇ ಇದೆ. ಹೊಡೆದಾಟ, ರಕ್ತ, ಹಿನ್ನೆಲೆ ಸಂಗೀತದ ಅಬ್ಬರಗಳ ಲೆಕ್ಕದಲ್ಲೇ ನಾವು ಅವನ್ನು ಮಾತಾಡಿಕೊಳ್ಳುತ್ತೇವೆ. ಆದರೆ ಈ ಚಿತ್ರಗಳ ಜೀವ ಇರುವುದು ಅವು ಎತ್ತಿಕೊಳ್ಳುವ ದೂರಿನಲ್ಲಿ. ಠಾಣೆಯಲ್ಲಿ ಬರೆದುಕೊಳ್ಳದ, ತಾಲ್ಲೂಕು ಕಚೇರಿಯಲ್ಲಿ ಕಡತ ಸೇರದ, ಕೋರ್ಟಿನಲ್ಲಿ ಸಾಕ್ಷಿ ಸಾಲದೆ ಬಿದ್ದುಹೋದ ದೂರಿಗೆ ಎರಡೂವರೆ ಗಂಟೆ ಕಿವಿಗೊಡುವವರು ಯಾರಿದ್ದಾರೆ? ಸಿನಿಮಾ ಕೊಡುತ್ತದೆ. ಥಿಯೇಟರಿನಲ್ಲಿ ಶಿಳ್ಳೆ ಹೊಡೆಯುವವನಿಗೆ ರಕ್ತದ ಹಸಿವು ಎಂದು ತೀರ್ಮಾನಿಸುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ತನ್ನ ಅರ್ಜಿಯನ್ನು ಯಾರೋ ಕೊನೆಗೂ ಓದಿದರು ಎಂಬ ನೆಮ್ಮದಿ ಆ ಶಿಳ್ಳೆಯಲ್ಲಿ ಬಹಳಷ್ಟಿದೆ.

ಕನ್ನಡದಲ್ಲಿ ಈ ದಾರಿಯ ಮೈಲಿಗಲ್ಲು ‘ಅಂತ’ (1981). ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ತೆರೆಗೆ ತಂದರು. ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಮತ್ತು ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್, ಎರಡೂ ಪಾತ್ರ ಅಂಬರೀಶ್ ಅವರದು. ಪಾತಕಿಯ ವೇಷದಲ್ಲಿ ಗ್ಯಾಂಗಿನೊಳಗೆ ಹೋದ ಪೊಲೀಸ್ ಅಧಿಕಾರಿ ಸಿಕ್ಕಿಬಿದ್ದು ಅನುಭವಿಸುವ ಚಿತ್ರಹಿಂಸೆ, ಅವನ ಉಗುರು ಕೀಳುವ ದೃಶ್ಯ, ನೋಡಿದವರಿಗೆ ಇಂದಿಗೂ ನೆನಪಿದೆ. ಅತಿಯಾಯಿತು ಎಂಬ ಆಕ್ಷೇಪ ಅಂದೇ ಇತ್ತು, ಅದು ತಪ್ಪೂ ಅಲ್ಲ. ಆದರೂ ಒಂದು ಕಾರಣಕ್ಕೆ ನಾನು ಆ ಚಿತ್ರವನ್ನು ಗೌರವಿಸುತ್ತೇನೆ: ಅಲ್ಲಿ ನಾಯಕನ ಕೋಪಕ್ಕೆ ಅವನ ದೇಹವೇ ಬೆಲೆ ತೆರುತ್ತದೆ. ಮುಖವಾಡ ತೊಟ್ಟವನು ತಾನೂ ಪಾತಕಿಯಂತೆ ನಡೆಯಬೇಕು, ಮಾತಾಡಬೇಕು, ಪಾತಕಿಯಂತೆಯೇ ಭಯ ಹುಟ್ಟಿಸಬೇಕು. ಒಬ್ಬನೇ ನಟ ಎರಡೂ ಪಾತ್ರ ಮಾಡಿದ್ದರಿಂದ ನ್ಯಾಯ ಕೇಳುವವನಿಗೂ ಅನ್ಯಾಯ ಮಾಡುವವನಿಗೂ ನಡುವಿನ ಗೆರೆ ಎಷ್ಟು ತೆಳು ಎಂಬ ಕಳವಳ ಚಿತ್ರದುದ್ದಕ್ಕೂ ಉಳಿಯುತ್ತದೆ. ಮುಂದಿನ ದಶಕಗಳ ಚಿತ್ರಗಳು ಆ ಕಳವಳವನ್ನು ಮೆಲ್ಲಗೆ ಕೈಬಿಟ್ಟವು.

ಕೈಬಿಟ್ಟವರಲ್ಲಿ ಎಲ್ಲರಿಗಿಂತ ಪ್ರತಿಭಾವಂತರು ತಮಿಳಿನ ಶಂಕರ್. ‘ಜೆಂಟಲ್‌ಮ್ಯಾನ್’ (1993), ‘ಇಂಡಿಯನ್’ (1996), ‘ಅನ್ನಿಯನ್’ (2005): ಈ ಮೂರನ್ನು ಒಂದರ ಹಿಂದೊಂದು ನೋಡಿದರೆ ಒಂದು ಶಾಲೆ ಹೇಗೆ ಬೆಳೆಯಿತು, ಎಲ್ಲಿ ದಾರಿ ತಪ್ಪಿತು ಎಂಬುದು ಕಣ್ಣಿಗೆ ಕಾಣುತ್ತದೆ. ‘ಜೆಂಟಲ್‌ಮ್ಯಾನ್’ನಲ್ಲಿ ನಮ್ಮ ಮಧುಗಿರಿ ಕಡೆಯ ಅರ್ಜುನ್ ಸರ್ಜಾ ಹಗಲು ಹಪ್ಪಳ ಮಾರುವ, ರಾತ್ರಿ ದರೋಡೆ ಮಾಡುವ ಕಿಚ್ಚ. ಓದಿನಲ್ಲಿ ಮುಂದಿದ್ದರೂ ಲಂಚ ಕೊಡಲಾಗದೆ ವೈದ್ಯಕೀಯ ಸೀಟು ಕಳೆದುಕೊಂಡವನು. ಅದೇ ಕಾರಣಕ್ಕೆ ಗೆಳೆಯನನ್ನೂ ತಾಯಿಯನ್ನೂ ಕಳೆದುಕೊಂಡವನು. ಕ್ಯಾಪಿಟೇಶನ್ ಶುಲ್ಕ ಆಗ ಬರೀ ಕಥೆಯ ವಸ್ತುವಾಗಿರಲಿಲ್ಲ. ಚಿತ್ರ ಬರುವ ಹಿಂದಿನ ವರ್ಷ, 1992ರಲ್ಲಿ, ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಈ ಶುಲ್ಕವನ್ನು ಸಂವಿಧಾನಕ್ಕೆ ವಿರುದ್ಧ ಎಂದು ಸಾರಿತ್ತು. ಬೆಂಗಳೂರಿನಿಂದ ಮಂಗಳೂರಿನವರೆಗೆ ಸೀಟಿನ ರೇಟು ಗೊತ್ತಿದ್ದ ಮಧ್ಯಮ ವರ್ಗಕ್ಕೆ ಕಿಚ್ಚನ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಶಂಕರ್ ಅವರ ದೊಡ್ಡ ಶಕ್ತಿ ಇದು: ದಿನನಿತ್ಯದ ಅನ್ಯಾಯಗಳ ಪಟ್ಟಿ ಅವರ ಬಳಿ ಕರಾರುವಾಕ್ಕಾಗಿದೆ. ‘ಇಂಡಿಯನ್’ನಲ್ಲಿ ಸುಟ್ಟಗಾಯಗಳಾದ ಮಗಳನ್ನು ಹೊತ್ತು ಆಸ್ಪತ್ರೆಗೆ ಓಡುವ ಸೇನಾಪತಿಯ ಮುಂದೆ ಲಂಚದ ಕೈಗಳು ಚಾಚುತ್ತವೆ. ಆಜಾದ್ ಹಿಂದ್ ಫೌಜಿನಲ್ಲಿ ಹೋರಾಡಿದ ಮುದುಕ ಅವನು. ಕೊಡುವುದಿಲ್ಲ ಎನ್ನುತ್ತಾನೆ, ಮಗಳು ಸಾಯುತ್ತಾಳೆ. ಕಮಲ್ ಹಾಸನ್ ಈ ದೃಶ್ಯದಲ್ಲಿ ಹಟವನ್ನೂ ಸಂಕಟವನ್ನೂ ಒಂದೇ ಮುಖದಲ್ಲಿ ತೋರಿಸುತ್ತಾರೆ. ಸೇನಾಪತಿಯ ನಿಯಮ ಕೊನೆಗೆ ಅವನ ಮನೆಯೊಳಗೇ ಬರುತ್ತದೆ: ಬ್ರೇಕು ಕೆಟ್ಟ ಬಸ್ಸಿಗೆ ಲಂಚ ಪಡೆದು ಪ್ರಮಾಣಪತ್ರ ಕೊಟ್ಟು ಮಕ್ಕಳ ಸಾವಿಗೆ ಕಾರಣನಾದ ಸ್ವಂತ ಮಗನನ್ನೂ ಅವನು ಬಿಡುವುದಿಲ್ಲ. ಇಡೀ ಪರಂಪರೆಯಲ್ಲಿ ಸೇಡು ಇಷ್ಟು ದುಬಾರಿಯಾದ ಗಳಿಗೆ ಹೆಚ್ಚಿಲ್ಲ. ಅಪ್ಪನಾಗಿ ಅವನು ತೆತ್ತ ಬೆಲೆ ನೋಡಿದಾಗ ಅವನ ಕೊಲೆಗಳನ್ನು ಒಪ್ಪದವರೂ ತಲೆತಗ್ಗಿಸುತ್ತಾರೆ.

‘ಅನ್ನಿಯನ್’ಗೆ ಬರುವಷ್ಟರಲ್ಲಿ ಈ ಬೆಲೆ ಮಾಯವಾಗಿದೆ. ವಿಕ್ರಮ್ ಅಭಿನಯದ ಅಂಬಿ ನಿಯಮ ಮೀರದ ಸಾಧು ವಕೀಲ. ಅವನೊಳಗಿನ ಇನ್ನೊಂದು ವ್ಯಕ್ತಿತ್ವ ಗರುಡ ಪುರಾಣದ ಶಿಕ್ಷೆಗಳನ್ನು ಜಾರಿ ಮಾಡುತ್ತದೆ. ಅಪಘಾತದಲ್ಲಿ ಬಿದ್ದವನಿಗೆ ಕಾರು ಕೊಡದವನು ಎಮ್ಮೆಗಳ ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತಾನೆ. ರೈಲಿನಲ್ಲಿ ಕೆಟ್ಟ ಊಟ ಬಡಿಸಿದ ಗುತ್ತಿಗೆದಾರ ಕಾದ ಎಣ್ಣೆಗೆ ಬೀಳುತ್ತಾನೆ. ಕಳಪೆ ಬ್ರೇಕಿನ ವ್ಯಾಪಾರಿಯನ್ನು ಜಿಗಣೆಗಳು ಹೀರುತ್ತವೆ. ವಿಕ್ರಮ್ ನಟನೆ, ದೃಶ್ಯಗಳ ವೈಭವ, ಕ್ರೀಡಾಂಗಣದ ಜನಸಾಗರ ಎಲ್ಲವೂ ಬೆರಗು ಹುಟ್ಟಿಸುತ್ತವೆ. ಆದರೆ ತಪ್ಪಿಗೂ ಶಿಕ್ಷೆಗೂ ನಡುವಿನ ಅಳತೆ ಇಲ್ಲಿ ಪೂರ್ತಿ ಕಳೆದುಹೋಗಿದೆ. ಅಳತೆಯೇ ಇಲ್ಲದ ಮೇಲೆ ನ್ಯಾಯ ಎಂಬ ಮಾತಿಗೆ ಏನು ಉಳಿಯಿತು? ವ್ಯಾಪಾರಿ ಸತ್ತ, ಬ್ರೇಕು ತಪಾಸಣೆ ಮಾಡಬೇಕಾದ ವ್ಯವಸ್ಥೆ ಇದ್ದಲ್ಲೇ ಇದೆ. ಅದರ ಬಗ್ಗೆ ಕ್ರೀಡಾಂಗಣದಲ್ಲಿ ಭಾಷಣವಿದೆ, ಕಥೆಯಲ್ಲಿ ಮಾತ್ರ ಏನೂ ಇಲ್ಲ. ಚಿಕಿತ್ಸೆ ಮುಗಿಸಿ ಬಂದ ಅಂಬಿ ಕೊನೆಗೆ ಒಬ್ಬ ಕುಡುಕನನ್ನು ಓಡುವ ರೈಲಿನಿಂದ ಹೊರಗೆ ನೂಕುತ್ತಾನೆ, ಈ ಸಲ ಪೂರ್ಣ ಎಚ್ಚರದಲ್ಲಿ. ಚಿತ್ರ ಅದನ್ನು ಗುಣವಾದದ್ದರ ಲಕ್ಷಣದಂತೆ ತೋರಿಸುತ್ತದೆ. ನನಗೆ ಅಲ್ಲಿ ಭಯವಾಗುತ್ತದೆ.

ಹಿಂಸೆಯ ಪ್ರಮಾಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ಚಿತ್ರಗಳಲ್ಲಿರುವ ಖಚಿತತೆ. ಅಪರಾಧ ನಡೆಯುವಾಗ ಕ್ಯಾಮೆರಾ ಅಲ್ಲೇ ಇರುತ್ತದೆ. ಅಪರಾಧಿಯ ಮುಖ, ಅವನ ನಗು, ಅವನು ಆಡಿದ ಮಾತು, ಎಲ್ಲವನ್ನೂ ನಾವು ಕಣ್ಣಾರೆ ಕಂಡಿರುತ್ತೇವೆ. ಆಮೇಲೆ ಕೋರ್ಟು ಸಾಕ್ಷಿ ಕೇಳಿದರೆ ನಮಗೆ ಸಿಟ್ಟು ಬರುತ್ತದೆ, ನಾವೇ ನೋಡಿದ್ದೇವಲ್ಲ! ಬದುಕಿನಲ್ಲಿ ನ್ಯಾಯಾಲಯ, ತನಿಖೆ, ಪಾಟಿ ಸವಾಲು ಎಲ್ಲ ಇರುವುದೇ ಯಾರೂ ಅಷ್ಟು ಸ್ಪಷ್ಟವಾಗಿ ನೋಡಿರುವುದಿಲ್ಲ ಎಂಬ ಕಾರಣಕ್ಕೆ. ಸೇಡಿನ ಚಿತ್ರ ಆ ಕಾರಣವನ್ನೇ ಮೊದಲ ರೀಲಿನಲ್ಲಿ ತೆಗೆದುಹಾಕಿ, ನಂತರ ಕೋರ್ಟು ಯಾಕಿಷ್ಟು ನಿಧಾನ ಎಂದು ಕೇಳುತ್ತದೆ.

ಅಮೆರಿಕದ ‘ಡೆತ್ ವಿಶ್’ (1974) ಈ ಜಾತಿಯ ಚಿತ್ರಗಳಿಗೆಲ್ಲ ಹಿರಿಯಣ್ಣ. ಮೈಕೆಲ್ ವಿನ್ನರ್ ನಿರ್ದೇಶನ, ಚಾರ್ಲ್ಸ್ ಬ್ರಾನ್ಸನ್ ನಾಯಕ. ನ್ಯೂಯಾರ್ಕಿನ ವಾಸ್ತುಶಿಲ್ಪಿಯೊಬ್ಬನ ಹೆಂಡತಿಯನ್ನು ಕೊಂದು ಮಗಳ ಮೇಲೆ ಅತ್ಯಾಚಾರ ಮಾಡಿದ ಮೂವರು ಅವನಿಗೆ ಚಿತ್ರದ ಕೊನೆಯವರೆಗೂ ಸಿಗುವುದೇ ಇಲ್ಲ. ಅವನು ಗುಂಡಿಕ್ಕುವುದು ಬೀದಿಯಲ್ಲಿ ಎದುರಾಗುವ ಬೇರೆ ಪುಂಡರಿಗೆ. ದುಃಖಕ್ಕೆ ಗುರಿ ಸಿಗದೆ ಅದು ಚಟವಾಗುವ ಬಗೆಯನ್ನು ಹೇಳಬಲ್ಲ ಕಥೆ ಅದು. ಮೂಲ ಕಾದಂಬರಿಕಾರ ಬ್ರಯಾನ್ ಗಾರ್‌ಫೀಲ್ಡ್ ಬರೆದದ್ದೂ ಅದನ್ನೇ. ಸಿನಿಮಾ ತನ್ನ ನಾಯಕನನ್ನು ಮೆರೆಸಿದ್ದು ಅವರಿಗೆ ಹಿಡಿಸಲಿಲ್ಲ. 2018ರ ಮರುಚಿತ್ರಣದಲ್ಲಂತೂ ನಾಯಕನಿಗೆ ನಿಜವಾದ ಅಪರಾಧಿಗಳೇ ಸಿಕ್ಕಿಬಿಡುತ್ತಾರೆ. ಮೂಲದಲ್ಲಿ ಇದ್ದ ಒಂದೇ ಒಂದು ಇರಿಸುಮುರಿಸೂ ಹೋಯಿತು. 1984ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಬರ್ನ್‌ಹಾರ್ಡ್ ಗೆಟ್ಸ್ ಎಂಬಾತ ನಾಲ್ವರು ಕರಿಯ ಯುವಕರ ಮೇಲೆ ಗುಂಡು ಹಾರಿಸಿದಾಗ ಪತ್ರಿಕೆಗಳು ಅವನನ್ನು ಈ ಚಿತ್ರದ ಹೆಸರಿನಿಂದಲೇ ಕರೆದವು.

ಇಂಥ ಸೇಡು ತೆರೆಯಾಚೆ ನಡೆದದ್ದಕ್ಕೆ ನಮ್ಮ ಹತ್ತಿರದ ಉದಾಹರಣೆ ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲೇ ಇದೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ, ಕೊಲೆ ನಡೆಯಿತು. ಡಿಸೆಂಬರ್ 6ರ ಬೆಳಗಿನ ಜಾವ ಚಟಾನ್‌ಪಲ್ಲಿ ಬಳಿ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಸುರಿದರು. ಆ ಹೂಗಳಲ್ಲಿ ಇದ್ದದ್ದು ನಿಜವಾದ ನೋವು, ಅದನ್ನು ಹಗುರ ಮಾಡಲಾರೆ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದು ಅದು ಹೇಳಿತು. ಆರೋಪ ಸಾಬೀತಾಗುವ ಮೊದಲೇ ನಾಲ್ವರು ಇಲ್ಲವಾದ್ದರಿಂದ, ಆ ರಾತ್ರಿ ಆ ಹೆಣ್ಣುಮಗಳಿಗೆ ಏನಾಯಿತು ಎಂಬುದು ಕೋರ್ಟಿನ ಮುಂದೆ ಪೂರ್ತಿಯಾಗಿ ಬರಲೇ ಇಲ್ಲ. ಸಂತ್ರಸ್ತೆಗೆ ಸಲ್ಲಬೇಕಾದ ಸತ್ಯವೂ ಆ ನಾಲ್ವರೊಂದಿಗೇ ಹೋಯಿತು.

ಟಿ.ಜೆ. ಜ್ಞಾನವೇಲ್ ಅವರ ‘ವೇಟ್ಟೈಯನ್’ (2024) ಈ ಗಾಯವನ್ನು ನೇರವಾಗಿ ಮುಟ್ಟಿದ ಚಿತ್ರ. ಎನ್‌ಕೌಂಟರ್‌ಗೆ ಹೆಸರಾದ ಅಧಿಕಾರಿಯ ಪಾತ್ರದಲ್ಲಿ ರಜನೀಕಾಂತ್ ಒಬ್ಬ ಹುಡುಗನನ್ನು ಕೊಲ್ಲುತ್ತಾರೆ. ಆಮೇಲೆ ಅವನು ನಿರಪರಾಧಿ ಎಂದು ತಿಳಿಯುತ್ತದೆ. ಇಷ್ಟು ದೊಡ್ಡ ತಾರೆಯ ಕೈಗೆ ಅಮಾಯಕನ ರಕ್ತ ಹಚ್ಚುವ ಧೈರ್ಯ ಸಣ್ಣದಲ್ಲ. ಆದರೆ ತಪ್ಪು ತಿಳಿದ ಮೇಲೆ ಚಿತ್ರ ಬೇಗನೆ ನಿಜವಾದ ಖಳನ ಬೇಟೆಗೆ ಹೊರಟುಬಿಡುತ್ತದೆ. ಪಶ್ಚಾತ್ತಾಪಕ್ಕೆ ಬೇಕಾದ ಸಮಯವನ್ನು ಹೊಡೆದಾಟ ತಿಂದುಹಾಕುತ್ತದೆ. ಡೆನಿ ವಿಲ್ನೆವ್ ಅವರ ‘ಪ್ರಿಸನರ್ಸ್’ (2013) ಆ ಅವಸರ ಮಾಡುವುದಿಲ್ಲ: ಮಗಳು ಕಾಣೆಯಾದ ಅಪ್ಪ ತಾನು ಹಿಡಿದಿಟ್ಟು ಹಿಂಸಿಸಿದ ಹುಡುಗ ಅಪರಾಧಿಯಲ್ಲ ಎಂಬ ಸತ್ಯದ ಜೊತೆ ಕೊನೆಯವರೆಗೂ ಇರಬೇಕಾಗುತ್ತದೆ, ನಾವೂ ಇರಬೇಕಾಗುತ್ತದೆ.

‘ಮಹಾರಾಜ’ದ ಚಿತ್ರಕಥೆಯನ್ನು ಮೆಚ್ಚದೆ ಇರಲಾಗದು. ಬೇರೆ ಬೇರೆ ವರ್ಷಗಳಲ್ಲಿ ನಡೆದ ಘಟನೆಗಳು ಒಂದೇ ಕಾಲದವು ಎಂದು ನಂಬಿಸಿ, ಗಂಟನ್ನು ಕೊನೆಗೆ ಬಿಚ್ಚುವ ಅದರ ಸಂಕಲನದಲ್ಲಿ ನಿಜವಾದ ಜಾಣ್ಮೆಯಿದೆ. ಅಪರಾಧವನ್ನು ಮೊದಲೇ ತೋರಿಸಿ ನಮ್ಮ ಕೋಪವನ್ನು ಕಾಯಿಸದೆ, ಮೊದಲು ಆ ಮನುಷ್ಯನ ಹಟವನ್ನಷ್ಟೇ ತೋರಿಸುವುದು ಈ ಪರಂಪರೆಯಲ್ಲಿ ಹೊಸದು. ಲಂಚಕ್ಕೆ ಬಾಯಿಬಿಟ್ಟ ಪೊಲೀಸರೇ ಸತ್ಯ ತಿಳಿದ ಮೇಲೆ ಅವನ ಬೆನ್ನಿಗೆ ನಿಲ್ಲುವ ತಿರುವೂ ಪರಿಣಾಮಕಾರಿ. ಆದರೂ ಪೊಲೀಸರೇ ಅಪರಾಧಿಯನ್ನು ಕೊಲ್ಲುವವನ ಕೈಗೆ ಒಪ್ಪಿಸುವಾಗ ಚಿತ್ರಕ್ಕೆ ಒಂದಿಷ್ಟೂ ಅಳುಕಿಲ್ಲ.

ಇನ್ನೂ ಆಳದ ತೊಂದರೆ ಮಗಳು ಜ್ಯೋತಿಯ ಪಾತ್ರದಲ್ಲಿದೆ. ಅನುರಾಗ್ ಕಶ್ಯಪ್ ಅಭಿನಯಿಸಿದ ಖಳ ಸೆಲ್ವಂಗೆ, ತಾನು ಆ ಕ್ಷೌರಿಕನ ಮೇಲಿನ ಸೇಡಿಗೆಂದು ಹಾಳುಮಾಡಿಸಿದ ಹುಡುಗಿ ತನ್ನದೇ ಮಗಳು ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ಕಥೆಯ ಕಟ್ಟೋಣದಲ್ಲಿ ಇದು ಸಿಡಿಲಿನಂಥ ಹೊಡೆತ. ಆದರೆ ಯೋಚಿಸಿ ನೋಡಿದರೆ, ಅವಳು ಬೇರೆಯವರ ಮಗಳಾಗಿದ್ದಾಗ ಅವನಿಗೆ ಏನೂ ಅನ್ನಿಸಲಿಲ್ಲ. ತನ್ನವಳೆಂದಾಗ ಮಾತ್ರ ಅಪರಾಧ ಅಪರಾಧವಾಯಿತು. ಚಿತ್ರ ಅವನ ಈ ಲೆಕ್ಕಾಚಾರವನ್ನು ಪ್ರಶ್ನಿಸುವುದರ ಬದಲು ಅದರ ಮೇಲೆಯೇ ತನ್ನ ಕ್ಲೈಮ್ಯಾಕ್ಸ್ ಕಟ್ಟುತ್ತದೆ. ಒಳ್ಳೆಯ ಅಪ್ಪನ ಕೋಪಕ್ಕೆ ಒಮ್ಮೆ, ಕೆಟ್ಟ ಅಪ್ಪನ ಶಿಕ್ಷೆಗೆ ಇನ್ನೊಮ್ಮೆ, ಜ್ಯೋತಿಯ ನೋವು ಎರಡು ಸಲ ಗಂಡಸರ ಕಥೆಗೆ ಒದಗಿಬರುತ್ತದೆ. ಸೆಲ್ವಂ ಎದುರು ಅವಳು ತಲೆಯೆತ್ತಿ ನಿಲ್ಲುವ ದೃಶ್ಯ ಚೆನ್ನಾಗಿದೆ. ಅದಕ್ಕೆ ಮುಂಚೆ ಅವಳು ಏನನ್ನು ಬಯಸಿದಳು, ಯಾವುದಕ್ಕೆ ಹೆದರಿದಳು ಎಂಬುದಕ್ಕೆ ಚಿತ್ರದಲ್ಲಿ ಸಿಕ್ಕ ನಿಮಿಷಗಳು ತೀರಾ ಕಡಿಮೆ.

ಸೇಡನ್ನು ಪೂರ್ತಿ ತೋರಿಸಿಯೂ ಅದರ ರುಚಿಯನ್ನು ನಿರಾಕರಿಸಿದ ಚಿತ್ರ ಕೊರಿಯಾದ ಪಾರ್ಕ್ ಚಾನ್-ವೂಕ್ ಅವರ ‘ಲೇಡಿ ವೆಂಜೆನ್ಸ್’ (2005). ಮಕ್ಕಳನ್ನು ಕೊಂದವನು ಕೈಗೆ ಸಿಕ್ಕ ಮೇಲೆ, ಮಾಡದ ತಪ್ಪಿಗೆ ಹದಿಮೂರು ವರ್ಷ ಜೈಲು ಕಂಡ ನಾಯಕಿ ಅವನನ್ನು ತಾನೇ ಮುಗಿಸುವುದಿಲ್ಲ. ಸತ್ತ ಮಕ್ಕಳ ಮನೆಯವರನ್ನೆಲ್ಲ ಪಾಳುಬಿದ್ದ ಶಾಲೆಯೊಂದಕ್ಕೆ ಕರೆಸುತ್ತಾಳೆ. ಅವರು ಟೇಪು ನೋಡುತ್ತಾರೆ, ಅಳುತ್ತಾರೆ, ವಾದಿಸುತ್ತಾರೆ, ಸರದಿ ಗೊತ್ತುಮಾಡಿಕೊಂಡು ಮಳೆಯಂಗಿ ತೊಟ್ಟು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಎಲ್ಲ ಮುಗಿದ ಮೇಲೆ, ಒತ್ತೆಹಣ ವಾಪಸು ಬರುವುದಿದ್ದರೆ ಇರಲಿ ಎಂದು ಬ್ಯಾಂಕ್ ಖಾತೆ ಸಂಖ್ಯೆ ಬರೆದುಕೊಡುತ್ತಾರೆ. ಅಪರಾಧಿ ಯಾರೆಂಬ ಬಗ್ಗೆ ಇಲ್ಲಿ ಅನುಮಾನವಿಲ್ಲ. ಕೊಂದವರು ನಾಳೆ ಬೆಳಗ್ಗೆ ಹೇಗೆ ಏಳುತ್ತಾರೆ ಎಂಬ ಅನುಮಾನ ಮಾತ್ರ ನಮ್ಮ ಜೊತೆ ಮನೆಗೆ ಬರುತ್ತದೆ.

ನಮ್ಮಲ್ಲಿ ಈ ದಿಕ್ಕಿಗೆ ಹತ್ತಿರ ಬಂದದ್ದು ಮಂಸೋರೆ ನಿರ್ದೇಶನದ ‘ಆಕ್ಟ್ 1978’. 2020ರ ನವೆಂಬರಿನಲ್ಲಿ, ಚಿತ್ರಮಂದಿರಗಳು ಅರ್ಧ ಸೀಟುಗಳಿಗೆ ಮಾತ್ರ ಬಾಗಿಲು ತೆರೆದಿದ್ದಾಗ ಬಂದ ಚಿತ್ರ. ಸಿಗಬೇಕಾದ ಪರಿಹಾರಕ್ಕಾಗಿ ಅಲೆದು ಸುಸ್ತಾದ ಗೀತಾ ಎಂಬ ಗರ್ಭಿಣಿ ಸ್ಫೋಟಕ ಕಟ್ಟಿಕೊಂಡು ಸರ್ಕಾರಿ ಕಚೇರಿಯನ್ನೇ ಒತ್ತೆ ಹಿಡಿಯುತ್ತಾಳೆ. ಯಜ್ಞಾ ಶೆಟ್ಟಿ ಆ ಪಾತ್ರದ ದಣಿವನ್ನು ಮೈತುಂಬ ಹೊತ್ತಿದ್ದಾರೆ. ಮಾತು ಕೆಲವು ಕಡೆ ಭಾಷಣವಾಗುತ್ತದೆ, ಹೊರಗಿನ ಟಿ.ವಿ. ಕ್ಯಾಮೆರಾಗಳ ಗದ್ದಲ ಹೆಚ್ಚಾಯಿತು. ಆದರೆ ಗೀತಾ ಯಾರ ತಲೆಯನ್ನೂ ಕೇಳುವುದಿಲ್ಲ. ಮೇಜಿನ ಆಚೆ ಕೂತವರು ತಮ್ಮ ಕೆಲಸ ಮಾಡಲಿ ಎಂದಷ್ಟೇ ಅವಳ ಬೇಡಿಕೆ, ಆ ಬೇಡಿಕೆಯನ್ನು ಆ ಕಚೇರಿ ಅಂದೇ, ಅಲ್ಲೇ ಪೂರೈಸಬಹುದಿತ್ತು. ಸೇನಾಪತಿಯ ಕತ್ತಿಗಿಂತ ಈ ಬೇಡಿಕೆ ಆಳುವವರಿಗೆ ಹೆಚ್ಚು ಕಷ್ಟದ್ದು. ಇಂಥದ್ದನ್ನು ಕಥೆಯ ಮಧ್ಯಕ್ಕೆ ತರುವ ಚಿತ್ರಗಳು ಕನ್ನಡದಲ್ಲಿ ಇನ್ನೂ ಬೆರಳೆಣಿಕೆಯಷ್ಟೇ.