ಹಳೆಯ ಸುಸ್ತಿ, ಹೊಸ ಸಾಲ: ಸಿಬಿಲ್ ಪದ್ಧತಿಯ ವಿಮರ್ಶೆ

ಸಾಲಗಾರನ ಹಿಂದಿನ ನಡವಳಿಕೆಯನ್ನು ದಾಖಲಿಸಿಟ್ಟು, ಮುಂದೆ ಸಾಲ ಕೊಡುವವರ ಕೈಗೆ ಒದಗಿಸುವ ಪದ್ಧತಿಗೆ ಭಾರತದಲ್ಲಿ ಸಾಂಸ್ಥಿಕ ರೂಪ ಬಂದದ್ದು 2000ದಲ್ಲಿ ಸಿಬಿಲ್ ಸ್ಥಾಪನೆಯಾದಾಗ. ಅದಕ್ಕೆ ಕಾನೂನಿನ ಚೌಕಟ್ಟು ಒದಗಿಸಿದ್ದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ನಾಲ್ಕು ಕಂಪನಿಗಳು ಇಂದು ಈ ಕೆಲಸ ಮಾಡುತ್ತಿದ್ದು, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಾಲಗಾರರಿಗೆ ಅವೆಲ್ಲವೂ ‘ಸಿಬಿಲ್’ ಎಂದೇ ಪರಿಚಿತ. ಒಮ್ಮೆ ಸಾಲ ತೀರಿಸಲಾಗದೆ ಸೋತವನ ಸೋಲನ್ನು ಈ ಪದ್ಧತಿ ಎಷ್ಟು ಕಾಲ, ಯಾವ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತದೆ ಎಂಬುದರ ಮೇಲೆ ಅದರ ನ್ಯಾಯಪರತೆಯನ್ನು ಅಳೆಯಬೇಕಾಗುತ್ತದೆ.

ಇಲ್ಲಿ ವರದಿಯನ್ನೂ ಅಂಕವನ್ನೂ ಬೇರೆಬೇರೆಯಾಗಿ ನೋಡಬೇಕು. ಯಾವ ಸಂಸ್ಥೆಯಿಂದ ಎಷ್ಟು ಸಾಲ ಪಡೆದದ್ದು, ಯಾವ ಕಂತು ಎಷ್ಟು ದಿನ ತಡವಾದದ್ದು, ಖಾತೆ ಹೇಗೆ ಮುಗಿದದ್ದು ಎಂಬ ದಾಖಲೆಯೇ ವರದಿ. ಆ ದಾಖಲೆಯಿಂದ ಲೆಕ್ಕ ಹಾಕಿ ತೆಗೆದ, 300ರಿಂದ 900ರ ನಡುವಿನ ಸಂಖ್ಯೆಯೇ ಅಂಕ. ಅಂಕದ ಲೆಕ್ಕದಲ್ಲಿ ಇತ್ತೀಚಿನ ನಡವಳಿಕೆಗೆ ಹೆಚ್ಚು ತೂಕವಿರುವುದರಿಂದ, ಒಮ್ಮೆ ಕುಸಿದ ಅಂಕ ನಿಯಮಿತ ಮರುಪಾವತಿಯಿಂದ ನಿಧಾನವಾಗಿ ಏರಬಲ್ಲದು. ವರದಿಯ ಒಕ್ಕಣೆ ಹಾಗೆ ಮಾಸುವುದಿಲ್ಲ. ಬ್ಯಾಂಕು ಬಾಕಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಒಂದೇ ಕಂತಿನ ತೀರುವಳಿ ಮಾಡಿಕೊಂಡರೆ ‘ಸೆಟಲ್ಡ್’ ಎಂದೂ, ವಸೂಲಾಗದೆಂದು ತನ್ನ ಲೆಕ್ಕದಿಂದ ಕೈಬಿಟ್ಟರೆ ‘ರಿಟನ್ ಆಫ್’ ಎಂದೂ ನಮೂದಾಗುತ್ತದೆ. ಅಂಕ ಸುಧಾರಿಸಿದ ಮೇಲೂ ಸಾಲ ಮಂಜೂರು ಮಾಡುವ ಅಧಿಕಾರಿ ಈ ಒಕ್ಕಣೆಯನ್ನು ನೋಡಿ ಅರ್ಜಿಯನ್ನು ತಳ್ಳಿಹಾಕಬಹುದು.

ಅಮೆರಿಕದಂಥ ದೇಶಗಳಲ್ಲಿ ಈ ಸೋಲಿಗೆ ದಿವಾಳಿ ಎಂಬ ಕಾನೂನುಬದ್ಧ ರೂಪವಿದೆ: ನ್ಯಾಯಾಲಯ ಸಾಲಗಾರನನ್ನು ಋಣಮುಕ್ತಗೊಳಿಸುತ್ತದೆ, ಆ ದಿನಾಂಕ ದಾಖಲೆಯಾಗುತ್ತದೆ. ಭಾರತದ 2016ರ ದಿವಾಳಿ ಸಂಹಿತೆಯ ಮೂರನೆಯ ಭಾಗವೂ ವ್ಯಕ್ತಿಗಳಿಗೆ ಇಂಥ ದಾರಿಯನ್ನು ರೂಪಿಸಿದೆ. ಆದರೆ 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಇದರಿಂದಾಗಿ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸೋತ ಕಂಪನಿಯೊಂದರ ಜಾಮೀನುದಾರ ಈ ಸಂಹಿತೆಯ ವ್ಯಾಪ್ತಿಗೆ ಬರುತ್ತಾನೆ, ಗುಬ್ಬಿಯ ಅಡಿಕೆ ಬೆಳೆಗಾರ ಬರುವುದಿಲ್ಲ. ಅಲ್ಪ ಆದಾಯದವರಿಗೆಂದು ಸಂಹಿತೆಯಲ್ಲಿ ಬರೆದಿಟ್ಟಿರುವ ‘ಹೊಸ ಆರಂಭ’ದ ಪ್ರಕ್ರಿಯೆ ಜಾರಿಯಾದರೂ ಪ್ರಯೋಜನ ಕಡಿಮೆ, ಏಕೆಂದರೆ ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರಬಾರದು ಎಂಬುದರ ಜೊತೆಗೆ ಸ್ವಂತ ಮನೆಯೂ ಇರಬಾರದು ಎಂಬ ಷರತ್ತು ಅದರಲ್ಲಿದೆ.

ಹೀಗಾಗಿ ಸಾಮಾನ್ಯ ಸಾಲಗಾರನಿಗೆ ದಿವಾಳಿಯ ಬದಲು ಉಳಿಯುವುದು ಬ್ಯಾಂಕಿನೊಡನೆ ಮಾಡಿಕೊಳ್ಳುವ ತೀರುವಳಿ. ಅವನನ್ನು ಅಲ್ಲಿಗೆ ತಳ್ಳುವ ಸುಸ್ತಿಗೆ ಈ ಕಡೆ ಮಳೆಯೂ ಕಾರಣವಾಗಬಹುದು. ತುಮಕೂರು ಬಳಿಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ, ಜಯಮಂಗಲಿ ನದಿಗಳು ಹುಟ್ಟುತ್ತವೆಯಾದರೂ, ಹೇಮಾವತಿ ನಾಲೆಯ ನೀರು ಕಂಡ ಊರುಗಳನ್ನು ಬಿಟ್ಟರೆ ಸುತ್ತಲಿನ ರಾಗಿ, ತೆಂಗು, ಅಡಿಕೆ ನಿಂತಿರುವುದು ಮಳೆ ಮತ್ತು ಕೊಳವೆಬಾವಿಗಳ ಮೇಲೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲಿ ಸುಸ್ತಿ ಬೀಳುವುದು ಸಾಲಗಾರನ ಗುಣದೋಷವನ್ನು ಹೇಳುವುದಿಲ್ಲ. ಬೆಳೆಹಾನಿ ಶೇ 33 ಮುಟ್ಟಿದಾಗ ಸಾಲದ ಮರುಹೊಂದಾಣಿಕೆಗೆ ರಿಸರ್ವ್ ಬ್ಯಾಂಕು ಅವಕಾಶ ನೀಡಿದೆ. ಆ ಅವಕಾಶ ತಪ್ಪಿದವನ ಖಾತೆ ಮಾತ್ರ ಉಳಿದ ಸುಸ್ತಿಗಳ ಸಾಲಿಗೇ ಸೇರುತ್ತದೆ, ಮಳೆ ಕೈಕೊಟ್ಟಿತೆಂಬ ಕಾರಣ ಅದರೊಡನೆ ಹೋಗುವುದಿಲ್ಲ.

ಪದ್ಧತಿಯ ಅಸಮತೋಲನ ಇನ್ನೂ ಸ್ಪಷ್ಟವಾಗಿ ಕಾಣುವುದು ಬ್ಯಾಂಕಿನ ಸಾಲವನ್ನು ಕೈಸಾಲದೊಡನೆ ಹೋಲಿಸಿದಾಗ. ಭೂರಹಿತರು ಮತ್ತು ಸಣ್ಣ ರೈತರು ಖಾಸಗಿ ಲೇವಾದೇವಿದಾರರಿಂದ ಪಡೆದ ಸಾಲವನ್ನು ರದ್ದುಗೊಳಿಸಿದ, 2019ರಲ್ಲಿ ಜಾರಿಗೆ ಬಂದ ಕರ್ನಾಟಕ ಋಣ ಪರಿಹಾರ ಕಾಯ್ದೆಯ ಗುರುತು ಯಾವ ಸಾಲ ವರದಿಯಲ್ಲೂ ಉಳಿಯುವುದಿಲ್ಲ, ಏಕೆಂದರೆ ಅಂಥ ಲೇವಾದೇವಿದಾರ ಸಾಲ ಮಾಹಿತಿ ಕಂಪನಿಗೆ ಲೆಕ್ಕ ಒಪ್ಪಿಸುವುದಿಲ್ಲ. 2018ರ ಜುಲೈ ಬಜೆಟ್ಟಿನಲ್ಲಿ ಘೋಷಿಸಿದ, 2 ಲಕ್ಷ ರೂಪಾಯಿವರೆಗಿನ ಬೆಳೆಸಾಲ ಮನ್ನಾದ ಕಥೆ ಬೇರೆ: ಸರ್ಕಾರವೇ ಹಣ ತುಂಬಿ ಖಾತೆ ಮುಗಿಸಿದರೂ, ಅದಕ್ಕೆ ಮೊದಲು ಕಂತು ತಡವಾದ ದಿನಗಳ ದಾಖಲೆ ಅದರೊಂದಿಗೆ ಅಳಿಯುವುದಿಲ್ಲ. ಬ್ಯಾಂಕಿನ ಬಾಗಿಲಿಗೆ ಬಂದವನೇ ಹೆಚ್ಚು ಕಾಲ ಸೋಲಿನ ಗುರುತು ಹೊರಬೇಕಾಗಿ ಬರುವುದು ಸಾಂಸ್ಥಿಕ ಸಾಲವನ್ನು ಹಳ್ಳಿಗೆ ತಲುಪಿಸುವ ನೀತಿಗೇ ವಿರುದ್ಧ.

ಕಾಲಮಿತಿಯ ವಿಷಯದಲ್ಲಿ ಪದ್ಧತಿಯಲ್ಲಿ ದೊಡ್ಡ ಕೊರತೆಯಿದೆ. ಅಮೆರಿಕದ 1970ರ ಕಾನೂನು ದಿವಾಳಿಯ ದಾಖಲೆಯನ್ನು ಸಾಮಾನ್ಯವಾಗಿ 10 ವರ್ಷ, ಉಳಿದ ಸುಸ್ತಿಗಳನ್ನು 7 ವರ್ಷ ಮೀರಿ ತೋರಿಸಬಾರದೆನ್ನುತ್ತದೆ. ಭಾರತದ ನಿಯಮಾವಳಿ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆನ್ನುತ್ತದೆ. ಅಲ್ಲಿ 7 ಎಂಬುದು ಸಾಲಗಾರನಿಗೆ ರಕ್ಷಣೆ, ಇಲ್ಲಿ ಅದು ಸಾಲ ಕೊಡುವವನಿಗೆ ಭರವಸೆ. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ತೀರುವಳಿ ಮಾಡಿಕೊಂಡವರಿಗೆ ಮತ್ತೆ ಸಾಲ ಕೊಡುವ ಮುನ್ನ ಕೃಷಿಯೇತರ ಸಾಲಗಳಲ್ಲಿ ಕನಿಷ್ಠ 12 ತಿಂಗಳು ಕಾಯಬೇಕೆಂದು ಹೇಳಿದಾಗಲೂ ಗರಿಷ್ಠವನ್ನು ನಿಗದಿಪಡಿಸದೆ, ಕೃಷಿ ಸಾಲಕ್ಕೆ ಕಾಯಬೇಕಾದ ಅವಧಿಯನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿಗೆ ಬಿಟ್ಟುಕೊಟ್ಟಿತು.

ಪದ್ಧತಿಯ ಗುಣಗಳನ್ನು ಮರೆಯಲಾಗದು. ಸಾಕ್ಷಿಯಿಲ್ಲದ ಗುಮಾನಿಯ ಜಾಗದಲ್ಲಿ ಅದು ಲಿಖಿತ ದಾಖಲೆಯನ್ನು ತಂದಿದೆ. ಅಡಮಾನವಿಡಲು ಏನೂ ಇಲ್ಲದವನಿಗೂ ತನ್ನ ಪ್ರಾಮಾಣಿಕ ಮರುಪಾವತಿಯನ್ನು ತೋರಿಸಿ ಸಾಲ ಕೇಳುವ ಅವಕಾಶ ನೀಡಿದೆ. ವರ್ಷಕ್ಕೊಮ್ಮೆ ಪ್ರತಿ ಕಂಪನಿಯಿಂದಲೂ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪು ನಮೂದಿನ ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇವೆಲ್ಲ ತಪ್ಪು ನಮೂದನ್ನು ತಿದ್ದುತ್ತವೆ. ಸರಿಯಾಗಿಯೇ ದಾಖಲಾದ ಹಳೆಯ ಸೋಲಿಗೆ ಇವುಗಳಲ್ಲಿ ಉತ್ತರವಿಲ್ಲ.

ಆದ್ದರಿಂದ ದಾಖಲೆಯ ನಿಖರತೆಯಲ್ಲಿ ಈ ಪದ್ಧತಿ ಬಹುಮಟ್ಟಿಗೆ ಬೆಳೆದಿದ್ದರೂ, ಕ್ಷಮೆಯ ವಿಷಯದಲ್ಲಿ ಇನ್ನೂ ಅಪೂರ್ಣವಾಗಿದೆ. ತೀರುವಳಿಯ ದಿನದಿಂದ ಎಣಿಸುವ ಗರಿಷ್ಠ ಮಿತಿಯೊಂದನ್ನು ಕಾನೂನು ನಿಗದಿಪಡಿಸಬೇಕು, ಬರ ಘೋಷಿತ ವರ್ಷದ ಸುಸ್ತಿಗೆ ಆ ಕಾರಣವನ್ನು ವರದಿಯಲ್ಲೇ ನಮೂದಿಸಬೇಕು, ದಿವಾಳಿ ಸಂಹಿತೆಯ ಮೂರನೆಯ ಭಾಗವನ್ನು ಇಂದಿನ ಬೆಲೆಗಳಿಗೆ ತಕ್ಕ ಮಿತಿಗಳೊಡನೆ ಎಲ್ಲರಿಗೂ ಜಾರಿಗೊಳಿಸಬೇಕು. ಅಲ್ಲಿಯವರೆಗೆ, ತೀರುವಳಿಗೆ ಒಪ್ಪುವ ಸಾಲಗಾರ ರಿಯಾಯಿತಿಯ ಮೊತ್ತವನ್ನಷ್ಟೇ ನೋಡದೆ, ಖಾತೆ ಯಾವ ಒಕ್ಕಣೆಯೊಡನೆ ಮುಗಿಯುತ್ತದೆಂಬುದನ್ನು ಬ್ಯಾಂಕಿನಿಂದ ಮೊದಲೇ ಬರಹದಲ್ಲಿ ಪಡೆದುಕೊಳ್ಳುವುದು ಅಗತ್ಯ.