ಕಾಂಗ್ರೆಸ್ ಕಸ: ಹೆಸರಿಟ್ಟವರು, ಕೀಳುವವರು

ಸಂತೆಕಲ್ಲೂರಿನ ಹೊಲದ ಬದುವಿನಲ್ಲಿ, ರಸ್ತೆ ದಂಡೆಯಲ್ಲಿ, ಕೇರಿಯ ತಿಪ್ಪೆ ಪಕ್ಕದಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಗಿಡಕ್ಕೆ ನಮ್ಮವರು 'ಕಾಂಗ್ರೆಸ್ ಕಸ' ಅಂತಾರೆ. ಕಾಲೇಜಿಗೆ ಹೋದ ಮೇಲೆ ನಮಗೆ ಅದರ 'ಸರಿಯಾದ' ಹೆಸರು ಕಲಿಸಿದರು: ಪಾರ್ಥೇನಿಯಂ ಹಿಸ್ಟೆರೊಫೋರಸ್. ಊರಿನ ಹೆಸರು ಬರೆದರೆ ಅಂಕ ಇಲ್ಲ.

ಆ ಸರಿಯಾದ ಹೆಸರನ್ನೇ ಬಿಡಿಸಿ ನೋಡೋಣ. 1753ರಲ್ಲಿ ಸ್ವೀಡನ್ನಿನ ಲಿನೆಯಸ್ ಇಟ್ಟದ್ದು. ಗ್ರೀಕಿನಲ್ಲಿ ಪಾರ್ಥೆನೋಸ್ ಅಂದರೆ ಕನ್ಯೆ, ಹಿಸ್ಟೆರಾ ಅಂದರೆ ಗರ್ಭ. ಮುಟ್ಟಿದವರ ಮೈ ಕಡಿಯುವ, ಉಬ್ಬಸ ತರುವ ಗಿಡದಲ್ಲಿ ಪಂಡಿತರಿಗೆ ಕಂಡದ್ದು ಹೆಣ್ಣಿನ ಮೈ!

ಜನರಿಟ್ಟ ಹೆಸರಿನ ಹಿಂದೆ ಎರಡು ಮಾತಿವೆ. ಹೂ ಬಿಳಿ ಟೋಪಿಯಂತೆ ಕಾಣುತ್ತದೆ ಎಂಬುದು ಒಂದು. ಕಾಂಗ್ರೆಸ್ ಆಳ್ವಿಕೆಯಲ್ಲಿ ಅಮೆರಿಕದ ಪಿ.ಎಲ್. 480 ಗೋಧಿಯೊಳಗೆ ಬೀಜ ಬಂತು ಎಂಬುದು ಇನ್ನೊಂದು. ತಾರೀಖು ನೋಡಿದರೆ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರಲ್ಲಿ. ಪುಣೆಯಲ್ಲಿ ಗಿಡ ಕಣ್ಣಿಗೆ ಬಿದ್ದದ್ದು 1955ರಲ್ಲೇ. ಆದರೆ 1951ರಲ್ಲೇ ಅಮೆರಿಕ ಸಾಲದ ಮೇಲೆ ಧಾನ್ಯ ಕೊಟ್ಟಿತ್ತು. ತಾರೀಖು ಹೆಚ್ಚುಕಮ್ಮಿ ಆಗಬಹುದು, ಹಸಿದವರ ಸಿಟ್ಟು ಸುಳ್ಳಲ್ಲ. ಟೋಪಿ ಅಂದರೆ ತಲೆಗೆ ಹಾಕುವುದೂ ಹೌದು, ಜನಕ್ಕೆ ಹಾಕುವುದೂ ಹೌದು. ಈ ಹೆಸರು, ಅಕ್ಷರ ಸಿಗದವರು ಆಳುವವರ ಮೇಲೆ ಮಾಡಿದ ವಿಮರ್ಶೆ.

ಇಷ್ಟು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಎಳೆಯ ಕವಿಗಳಾದ ನಾವು ಮಾಡುತ್ತಿರುವುದೂ ಅದನ್ನೇ. ವೇದಿಕೆ ಹತ್ತಿದರೆ ಸಾಕು, ಕಾಂಗ್ರೆಸ್ ಕಸ ನಮಗೊಂದು ಅಗ್ಗದ ಪ್ರತಿಮೆ. ಕುರ್ಚಿಯ ಮೇಲಿನವರು ಎಷ್ಟೋ ಸಲ ಬದಲಾದರು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಪೀಡೆಯ ಕಳೆ ಎಂದು ಸಾರಿತು. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತ ಇನ್ನೂ ನಿಂತಿದೆ.

ಮೊನ್ನೆ ಈ ಹೆಸರಿನ ಮೇಲೆ ಕಟ್ಟಿದ ಪದ್ಯವನ್ನು ಕಸ ತೆಗೆದು ಬಂದಿದ್ದ ಅವ್ವನ ಮುಂದೆ ಓದಿದೆವು. ಮೊಣಕೈ ಕೆರಕೊಳ್ಳುತ್ತ ಕೇಳಿದಳು. ಕೊನೆಗೆ ಅಂದದ್ದಿಷ್ಟು: "ಹೆಸರು ಏನರ ಇಡ್ರಪ್ಪಾ. ಕೀಳೋ ಕೈ ನಮ್ಮವ ಅದಾವ."

ನಮ್ಮ ಪದ್ಯಕ್ಕೆ ಬಂದ ಸರಿಯಾದ ವಿಮರ್ಶೆ ಇದು. ಲಿನೆಯಸ್ ಇಟ್ಟ ಹೆಸರಿನಲ್ಲಿ ಆ ಕೈ ಇಲ್ಲ. ಜನರ ಹೆಸರು ತಂದವರನ್ನು ಬೈಯುತ್ತದೆ, ಕೀಳುವವರನ್ನು ಹೇಳುವುದಿಲ್ಲ. ನಮ್ಮ ಬಂಡಾಯದ ಪದ್ಯದಲ್ಲೂ ಅವಳ ಕೈ ಇರಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಈ ಗಿಡದ ಎರಡೂ ಹೆಸರು ಮಕ್ಕಳಿಗೆ ಕಲಿಸಿರಿ. ಹೂ ಬಿಡುವ ಮೊದಲೇ ಕೀಳಬೇಕು, ಬರಿಗೈಲಿ ಮುಟ್ಟಬಾರದು ಅಂತಲೂ ಹೇಳಿರಿ. ಆಮೇಲೆ ಒಂದು ಪ್ರಶ್ನೆ ಕೇಳಿರಿ: ಊರಾಗ ಈ ಕಸ ಯಾರ ಅವ್ವ ಕೀಳ್ತಾಳ, ಯಾರ ಅವ್ವ ಕೀಳಂಗಿಲ್ಲ?